ದುಡಿದವನ ಸಾವಿನ ಪರಿಹಾರ ಯಾರಿಗೆ?



ನಾವಿಂದು ಎತ್ತಿಕೊಂಡಿರುವ ವಿಷಯ ಕೆಲವರಿಗೆ ಇರುಸುಮುರುಸು ತರಬಹುದು. ಸಲಿಂಗ ಸಂಗಾತಿಯೊಡನೆ ಬಾಳುತ್ತಿದ್ದ ಕಾರ್ಮಿಕನೊಬ್ಬ ಕೆಲಸದ ಸ್ಥಳದಲ್ಲಿ ಮಡಿದರೆ ಬರುವ ಪರಿಹಾರದಲ್ಲಿ ಆ ಸಂಗಾತಿಗೆ ಹಕ್ಕಿದೆಯೇ? ಇಂತಹ ಸಂಬಂಧದ ಕುರಿತು ಧರ್ಮದ ನಿಲುವೇನೆಂಬುದು ಇಲ್ಲಿ ನೆರೆದವರಿಗೆಲ್ಲ ತಿಳಿದಿದೆ. ಅದನ್ನು ನಾವು ಮರೆಮಾಚುತ್ತಿಲ್ಲ, ಚರ್ಚೆಗೆ ಎಳೆಯುತ್ತಲೂ ಇಲ್ಲ. ವಿವಾಹ ಯಾವುದೆಂಬುದು ಒಂದು ಪ್ರಶ್ನೆ. ದುಡಿದವನ ಹಣ ಯಾರ ಕೈಸೇರಬೇಕೆಂಬುದು ಬೇರೆಯೇ ಪ್ರಶ್ನೆ. ಇವೆರಡನ್ನು ಬೆರೆಸಿದಾಗ ಲಾಭ ಯಾರಿಗೆಂದು ನೋಡೋಣ.

ನಮ್ಮ ದೇಶದಲ್ಲಿ ಈ ಪರಿಹಾರವನ್ನು ಸುಮಾರು ಒಂದು ಶತಮಾನ ಕಾಲ ನಿರ್ಧರಿಸಿದ್ದು 1923ರ ಕಾಯ್ದೆ. ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುವುದು ಅದರ ಲೆಕ್ಕ. 2020ರ ಜನವರಿಯಿಂದ ಈ ವೇತನದ ಮಿತಿ 15,000 ರೂಪಾಯಿ. 30 ವರ್ಷದವನಿಗೆ ಗುಣಕ 207.98. ಅಂದರೆ 15,59,850 ರೂಪಾಯಿ. ಮಾಲಕನು ಇದನ್ನು ಮನೆಯವರಿಗೆ ನೇರವಾಗಿ ಕೊಡುವಂತಿರಲಿಲ್ಲ. ಆಯುಕ್ತರ ಬಳಿ ಠೇವಣಿಯಿಡಬೇಕಿತ್ತು. ಆಯುಕ್ತರು ಅದನ್ನು ‘ಅವಲಂಬಿತರಿಗೆ’ ಹಂಚುತ್ತಿದ್ದರು. ವಿಧವೆ, ಅಪ್ರಾಪ್ತ ಮಗ, ಅವಿವಾಹಿತ ಮಗಳು, ವಿಧವೆ ತಾಯಿ ಪಟ್ಟಿಯ ಮೊದಲಲ್ಲಿದ್ದರು. ಮೃತನ ಸಂಪಾದನೆಯನ್ನೇ ನಂಬಿದ್ದರೆ ತಂದೆ, ಅಪ್ರಾಪ್ತ ತಮ್ಮ, ಅವಿವಾಹಿತ ತಂಗಿ, ವಿಧವೆ ಸೊಸೆಯೂ ಬರುತ್ತಿದ್ದರು. ಒಂದೇ ಸೂರಿನಡಿ ಹತ್ತಿಪ್ಪತ್ತು ವರ್ಷ ಬಾಳಿದ ಸಂಗಾತಿಗೆ ಅಲ್ಲಿ ಸ್ಥಾನವಿರಲಿಲ್ಲ. ಪಟ್ಟಿಯವರು ಒಬ್ಬರೂ ಇಲ್ಲವೆಂದು ಆಯುಕ್ತರಿಗೆ ಮನದಟ್ಟಾದರೆ? ಎಂಟನೆಯ ಕಲಮಿನ ಪ್ರಕಾರ ಹಣ ಮರಳಿ ಮಾಲಕನ ಬೊಕ್ಕಸಕ್ಕೆ! ಯಾರ ಕಾರ್ಖಾನೆಯಲ್ಲಿ ಜೀವ ಹೋಯಿತೋ ಅವನಿಗೇ.

2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಕಾಯ್ದೆಯ ಸ್ಥಾನಕ್ಕೆ ಬಂದಿದೆ. ಅದರ ಅವಲಂಬಿತರ ಪಟ್ಟಿಯಲ್ಲೂ ರಕ್ತ, ಮದುವೆ, ದತ್ತುಗಳ ನಂಟೇ ಇದೆ.

ಭವಿಷ್ಯನಿಧಿಗಾದರೆ ನಾಮಿನಿ ಇದೆಯಲ್ಲವೇ ಎನ್ನಬಹುದು. 1952ರ ಭವಿಷ್ಯನಿಧಿ ಯೋಜನೆಯ ನಿಯಮವೆಂದರೆ, ಸದಸ್ಯನಿಗೆ ಕುಟುಂಬವಿದ್ದಲ್ಲಿ ಹೊರಗಿನವರ ಹೆಸರು ಬರೆದರೆ ಅದು ಅಸಿಂಧು. ಅವಲಂಬಿತ ತಂದೆತಾಯಿಯೂ ಕುಟುಂಬವೇ. ವಿಮೆಯಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಾದರೂ, ನಾಮಿನಿಯಾದವನು ಹಣ ಪಡೆಯುವವನೇ ಹೊರತು ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1984ರಲ್ಲೇ ಹೇಳಿತ್ತು. ನಮ್ಮ ಮೊಹಲ್ಲಾಗಳಲ್ಲಿ ನಿಕಾಹ್‌ನಾಮೆ ಸಿಗದೆ, ತಾನು ವಿಧವೆಯೆಂದು ರುಜುವಾತುಪಡಿಸಲು ಕಚೇರಿಯಿಂದ ಕಚೇರಿಗೆ ಅಲೆಯುವ ಹೆಂಗಸರನ್ನು ಕಂಡವರಿಗೆ ಈ ಸಂಕಟ ಅಪರಿಚಿತವಲ್ಲ. ಬಾಳಿದ್ದು ಸತ್ಯ, ಆದರೆ ಕಾಗದವಿಲ್ಲ.

2023ರ ಅಕ್ಟೋಬರ್ 17ರಂದು ಐವರು ನ್ಯಾಯಾಧೀಶರ ಪೀಠವು ಸುಪ್ರಿಯೋ ಪ್ರಕರಣದಲ್ಲಿ, ವಿವಾಹವಾಗುವುದು ಮೂಲಭೂತ ಹಕ್ಕಲ್ಲವೆಂದು ತೀರ್ಪಿತ್ತಿತು. ಅಂದು ಹಲವರು ನಿಟ್ಟುಸಿರುಬಿಟ್ಟರು. ತೀರ್ಪಿನ ಉಳಿದರ್ಧವನ್ನು ಓದಿದವರು ಕಡಿಮೆ. ಇಂತಹ ಜೋಡಿಗಳ ಹಕ್ಕು, ಸೌಲಭ್ಯಗಳನ್ನು ಪರಿಶೀಲಿಸಲು ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ರಚಿಸುವುದಾಗಿ ಕೇಂದ್ರ ಸರಕಾರ ನ್ಯಾಯಾಲಯಕ್ಕೆ ಮಾತು ಕೊಟ್ಟಿತ್ತು. 2024ರ ಏಪ್ರಿಲ್‌ನಲ್ಲಿ ಸಮಿತಿ ರಚನೆಯಾಯಿತು. ಅದೇ ವರ್ಷ, ಜಂಟಿ ಬ್ಯಾಂಕ್ ಖಾತೆ ತೆರೆಯಲು, ನಾಮಿನಿಯಾಗಲು ಅಡ್ಡಿಯಿಲ್ಲವೆಂಬ ಸ್ಪಷ್ಟನೆ ಬಂತು. ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸುವಂತೆ ರಾಜ್ಯಗಳಿಗೆ ಸೂಚನೆ ಹೋಯಿತು. ಅಕ್ಕಿಗೆ ಒಂದೇ ಮನೆಯವರು, ಪರಿಹಾರದ ಮುಂದೆ ಅಪರಿಚಿತರು. ಇದೆಂತಹ ನ್ಯಾಯ?

ಸ್ವಂತ ಉಳಿತಾಯಕ್ಕಾದರೆ ಉಯಿಲಿನ ದಾರಿಯಿದೆ. ಮುಸ್ಲಿಮನೂ ವಾರೀಸುದಾರನಲ್ಲದವನಿಗೆ ಮೂರನೇ ಒಂದರಷ್ಟನ್ನು ವಸೀಯತ್ ಮಾಡಬಹುದು. ಕೆಲಸದ ಸ್ಥಳದ ಸಾವಿನ ಪರಿಹಾರ ಹಾಗಲ್ಲ. ಅದು ಮೃತನು ಬಿಟ್ಟುಹೋದ ಆಸ್ತಿಯಲ್ಲ, ಉಯಿಲಿಗೆ ಒಳಪಡುವುದೂ ಇಲ್ಲ. ಆದ್ದರಿಂದ ನಾವು ಕೇಳುವುದು ಇಷ್ಟು: ಮೃತನೊಡನೆ ವಾಸವಾಗಿ ಅವನ ಸಂಪಾದನೆಯನ್ನು ನಂಬಿದ್ದ ವ್ಯಕ್ತಿಯನ್ನೂ ಆ ಪಟ್ಟಿಗೆ ಸೇರಿಸಲಿ. ಇದಕ್ಕೆ ಯಾವ ವಿವಾಹ ಕಾನೂನನ್ನೂ ಮುಟ್ಟಬೇಕಿಲ್ಲ. ಮುದಿ ತಾಯಿಗೆಷ್ಟು, ಸಂಗಾತಿಗೆಷ್ಟು ಎಂಬುದನ್ನು ಇಬ್ಬರನ್ನೂ ಕೂರಿಸಿ ವಿಚಾರಿಸಿ ಅಧಿಕಾರಿಯೇ ನಿರ್ಧರಿಸಲಿ.