ಹಾಡಿನ ನಡೆ ತಗ್ಗಿಸುವ ಬಗೆ

ಅಜ್ಜಿಯರು ಹಾಡಿದ ಸೋಬಾನೆ ಪದಗಳನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೀರಿ. ಒಳ್ಳೆಯದೇ. ಆದರೆ ಅವರ ಓಟಕ್ಕೆ ಕಲಿಯುವ ಹುಡುಗಿಯರ ನಾಲಿಗೆ ಹೊರಳದು. ಅಜ್ಜಿಯೇ ಇಲ್ಲವಾದ ಮೇಲೆ ‘ತುಸು ನಿಧಾನ ಹಾಡಮ್ಮಾ’ ಎಂದು ಯಾರನ್ನು ಕೇಳೋಣ?

ಆಡಾಸಿಟಿ ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ; ಅದಕ್ಕೆ ಬೆಲೆಯಿಲ್ಲ. ಹಾಡನ್ನು ಅದರೊಳಕ್ಕೆ ತಂದು, ಪೂರ್ತಿ ಆಯ್ದು, ‘ಎಫೆಕ್ಟ್’ ಪಟ್ಟಿಯಲ್ಲಿ ‘ಚೇಂಜ್ ಟೆಂಪೊ’ ಒತ್ತಿ, ಶೇಕಡಾ -20 ಎಂದು ಬರೆಯಿರಿ. 5 ನಿಮಿಷದ ಪದ 6 ನಿಮಿಷ 15 ಸೆಕೆಂಡಿಗೆ ಹಿಗ್ಗುತ್ತದೆ, ಶ್ರುತಿ ಕದಲುವುದಿಲ್ಲ. ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ ಒತ್ತಿದಿರೋ, ಶ್ರುತಿಯೂ ಇಳಿದು ಅಜ್ಜಿಯ ದನಿ ಗಂಡಸಿನದಾಗುತ್ತದೆ! ಬಹಳ ಎಳೆದರೆ ದನಿ ಬಾವಿಯೊಳಗಿಂದ ಕೂಗಿದಂತಾದೀತು. ಹೊಸದನ್ನು ಬೇರೆ ಹೆಸರಿನಲ್ಲಿ ‘ಎಕ್ಸ್‌ಪೋರ್ಟ್’ ಮಾಡತಕ್ಕದ್ದು. ಮೂಲವನ್ನು ಮಾತ್ರ ಮುಟ್ಟಬೇಡಿ.