ಹಿಂದಿನ ಬೆಂಚು ಬಿಟ್ಟು ಬನ್ನಿ

ಮಾನವಶಾಸ್ತ್ರ ಓದುತ್ತಿರುವ ಗೆಳೆಯ ಗೆಳತಿಯರೇ, ನೀವು ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇರಿ, ಧಾರವಾಡದಲ್ಲೇ ಇರಿ, ಚರ್ಚೆಯ ಮೇಲೇ ನಡೆಯುವ ಸೆಮಿನಾರ್ ಸಿಕ್ಕರೆ ಬಿಡಬೇಡಿ. "ಆ ಮೇಷ್ಟ್ರು ನೋಟ್ಸ್ ಕೊಡಲ್ಲ, ಮಾರ್ಕ್ಸೂ ಕೊಡಲ್ಲ" ಅಂತ ಸೀನಿಯರ್‌ಗಳು ಹೆದರಿಸಿದರೆ ಅದನ್ನೇ ಶಿಫಾರಸು ಅಂದುಕೊಂಡು ಹೆಸರು ಬರೆಸಿ.

ಒಬ್ಬರು ಪಿಪಿಟಿ ಓದಿ, ಉಳಿದವರು ಚಪ್ಪಾಳೆ ತಟ್ಟಿ ಕ್ಯಾಂಟೀನಿಗೆ ಹೊರಡುವ ಸೆಮಿನಾರಿನ ಮಾತಲ್ಲ ಇದು. ಹತ್ತು ಹನ್ನೆರಡು ಜನ ಒಂದೇ ಪುಸ್ತಕ ಓದಿಕೊಂಡು ಬಂದು, ಅದರ ಜೊತೆಗೂ ಒಬ್ಬರಿನ್ನೊಬ್ಬರ ಜೊತೆಗೂ ಗುದ್ದಾಡುವ ಸೆಮಿನಾರ್.

ಮಾರ್ಸೆಲ್ ಮಾಸ್ 1925ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಉಡುಗೊರೆಯ ಪ್ರಬಂಧವನ್ನೇ ತೆಗೆದುಕೊಳ್ಳಿ. ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದನ್ನು ತೀರಿಸಬೇಕು. ಪರೀಕ್ಷೆಗೆ ಇಷ್ಟು ಬರೆದರೆ ಪಾಸು. ಮೇಜಿನ ಸುತ್ತ ಕೂತಾಗ ಮಾತ್ರ ಯಾರೋ ಒಬ್ಬರು ಕೆಣಕುತ್ತಾರೆ: ತೀರಿಸದಿದ್ದರೆ ಏನಾಗುತ್ತದೆ? ಮಾವೊರಿ ಜನರ ನಂಬಿಕೆಯಂತೆ ವಸ್ತುವಿನೊಳಗಿನ 'ಹೌ' ಎಂಬ ಚೇತನ ಮೂಲ ಒಡೆಯನ ಕಡೆಗೇ ಎಳೆಯುತ್ತದೆ ಎನ್ನುತ್ತಾನೆ ಮಾಸ್. ಎಳೆಯುವುದು ಚೇತನವೋ, ನಾಲ್ಕು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆಯೋ?

ಆಗ ನಿಮಗೆ ಮನೆಯ ಟ್ರಂಕಿನಲ್ಲಿರುವ ಮುಯ್ಯಿ ಪುಸ್ತಕ ನೆನಪಾಗಬೇಕು. ಅಕ್ಕನ ಮದುವೆಯಲ್ಲಿ ಯಾರು 101 ಹಾಕಿದರು, ಯಾರು 501 ಹಾಕಿದರು, ಎಲ್ಲ ಅದರಲ್ಲಿದೆ. ಅವರ ಮನೆಯ ಲಗ್ನಪತ್ರಿಕೆ ಬಂದಾಗ ಅಮ್ಮ ಆ ಪುಸ್ತಕವನ್ನು ತೆರೆದು ನೋಡಿ, ಸ್ವಲ್ಪ ಸೇರಿಸಿಯೇ ಕವರಿಗೆ ಹಾಕುತ್ತಾರೆ. ಸಮಸಮ ಹಾಕಿದರೆ ನಂಟು ಮುಗಿಯಿತೇ? ತೀರಿಕೊಂಡವರ ಮುಯ್ಯಿ ಮಕ್ಕಳ ತಲೆಗೆ ಬರುತ್ತದೆಯೇ? ಕೊಟ್ಟದ್ದನ್ನು ಒಲ್ಲೆ ಎನ್ನುವುದು ಯುದ್ಧ ಸಾರಿದಂತೆ ಎಂಬುದು ಮಾಸ್‌ನ ಮಾತು. ಹಾಗಿದ್ದರೆ "ಆಶೀರ್ವಾದವೇ ಉಡುಗೊರೆ" ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಮಾಡುತ್ತಿರುವುದೇನು? ಸ್ವತಃ ಕ್ಷೇತ್ರಕಾರ್ಯ ಮಾಡದೆ ಗ್ರಂಥಗಳಿಂದಲೇ ಬರೆದ ಮಾಸ್‌ನನ್ನು ಇಲ್ಲಿ ನಿಲ್ಲಿಸಿ ಕೇಳುವ ಅಧಿಕಾರ ನಿಮಗಿದೆ.

"ನಾನು ಕನ್ನಡ ಮೀಡಿಯಂ" ಎಂದು ಹಿಂಜರಿಯಬೇಡಿ. 1930ರ ದಶಕದಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಮಲಿನೋಸ್ಕಿಯ ಹೆಸರಾಂತ ಸೆಮಿನಾರಿಗೆ ಜೋಮೊ ಕೆನ್ಯಾಟಾ ಬರುತ್ತಿದ್ದರು. ಬೇರೆಯವರಿಗೆ ಆಫ್ರಿಕಾ ಅಧ್ಯಯನದ ವಿಷಯ, ಅವರಿಗೆ ಹುಟ್ಟೂರು. ತಮ್ಮ ಗಿಕುಯು ಜನರ ಬಗ್ಗೆ ಅವರು 1938ರಲ್ಲಿ ಪುಸ್ತಕ ತಂದರು. ಮುನ್ನುಡಿ ಬರೆದದ್ದು ಮಲಿನೋಸ್ಕಿ. (ಮುಂದೆ ಕೆನ್ಯಾದ ಮೊದಲ ಅಧ್ಯಕ್ಷರೂ ಆದರು, ಅಷ್ಟನ್ನು ನಿಮ್ಮಿಂದ ಯಾರೂ ಕೇಳುತ್ತಿಲ್ಲ!) ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲೇ ಹೇಳಿ, ಪಕ್ಕದವರು ಕೈಜೋಡಿಸುತ್ತಾರೆ. ಮುಯ್ಯಿ ಪುಸ್ತಕ ಕಂಡವರು ಸುಮ್ಮನೆ ಕೂತು, ಕಾಣದವರು ಇಡೀ ಗಂಟೆ ಮಾತಾಡಿದರೆ ನಷ್ಟ ಎಲ್ಲರಿಗೂ.

ಹಾಗಂತ ಮನೆಯ ಕಥೆ ಒಂದನ್ನೇ ಹೇಳಿ ಗೆಲ್ಲಲಾಗದು. "ನಮ್ಮೂರಲ್ಲಿ ಹೀಗೆ" ಎಂದರೆ ಎದುರಿನವಳು "ನಮ್ಮೂರಲ್ಲಿ ಹಾಗಿಲ್ಲ" ಅನ್ನುತ್ತಾಳೆ. ಕೋಪಿಸಿಕೊಳ್ಳದೆ ಏಕೆಂದು ಕೇಳಿ. ಜಾತಿಯೋ, ನೀರಾವರಿಯೋ, ಊರು ಬಿಟ್ಟು ಬೆಂಗಳೂರು ಸೇರಿದ್ದೋ? ಪಾಠ ಶುರುವಾಗುವುದೇ ಅಲ್ಲಿಂದ.

ಮುಂದಿನ ವಾರದ ಅಧ್ಯಾಯವನ್ನು ಎರಡು ಸಲ ಓದಿ. ಒಪ್ಪದ ಒಂದು ವಾಕ್ಯಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊದಲ ಕಾಲು ಗಂಟೆಯೊಳಗೇ ಬಾಯಿಬಿಡಿ. ತಡಮಾಡಿದಷ್ಟೂ ನಾಲಿಗೆ ಭಾರವಾಗುತ್ತದೆ.