ಯಾರ ಮುಂದೆ ಒಪ್ಪಿದರು?

ಮಕ್ಕಳ ಪದವಿ ಕಣ್ತುಂಬ ನೋಡಲೆಂದು ನಸುಕಿನ ಬಸ್ಸು ಹಿಡಿದು ಬಂದಿರುವ ತಂದೆ-ತಾಯಂದಿರೇ, ಇವತ್ತು ಸಮಾಜಕಾರ್ಯದ ಸ್ನಾತಕೋತ್ತರ (ಎಂ.ಎಸ್.ಡಬ್ಲ್ಯು.) ಪದವಿ ಪಡೆಯುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳೇ,

ಸಹೋದ್ಯೋಗಿಗಳೇ ಎಂದು ಬೇಕೆಂದೇ ಕರೆದೆ. ಎರಡು ವರ್ಷ ವಾರವಾರವೂ ಫೀಲ್ಡ್ ವರ್ಕ್‌ಗೆ ಹೋಗಿದ್ದೀರಿ. ಕೊಳಗೇರಿ, ಬಾಲಮಂದಿರ, ಆಸ್ಪತ್ರೆ, ಅಂಗನವಾಡಿ ಎಲ್ಲ ಸುತ್ತಿ, ರಾತ್ರಿ ಕೂತು ರಿಪೋರ್ಟ್ ಬರೆದು, ವಾರದ ಕೊನೆಗೆ ಐ.ಸಿ.ಗೆಂದು, ಅಂದರೆ ಒಬ್ಬೊಬ್ಬರಾಗಿ ಚರ್ಚಿಸಲೆಂದು, ಸೂಪರ್‌ವೈಸರ್ ಎದುರು ಒಂದು ಗಂಟೆ ಕೂತಿದ್ದೀರಿ. ಅವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನೆ ಗೀಚಿದಾಗ ನಿಮಗೆ ಸಿಟ್ಟು ಬಂದಿರಬಹುದು. ನನಗೂ ಬರುತ್ತಿತ್ತು. ಆದರೆ ನೀವು ಇಲ್ಲಿ ಪಡೆದದ್ದರಲ್ಲೆಲ್ಲ ಬೆಲೆಯುಳ್ಳದ್ದು ಆ ಒಂದು ಗಂಟೆಯೇ. ನಾಳೆಯಿಂದ ಅದು ನಿಮಗಿಲ್ಲ. ಅದನ್ನು ಕುರಿತು ಮಾತಾಡಬೇಕೆಂದೇ ಇಲ್ಲಿಗೆ ಬಂದೆ.

ಮೂವತ್ತು ವರ್ಷಗಳ ಹಿಂದಿನ ಮಾತು. ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ನಾನು ಹೊಸದಾಗಿ ಸೇರಿದ್ದ ವೈದ್ಯಕೀಯ ಸಮಾಜಕಾರ್ಯಕರ್ತೆ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬದುಕಿ ಉಳಿದಿದ್ದ ಇಪ್ಪತ್ತೆರಡರ ಹೆಣ್ಣುಮಗಳೊಬ್ಬಳನ್ನು ವಾರ್ಡಿನಲ್ಲಿ ಕಂಡೆ. ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಒಂದು ಮಧ್ಯಾಹ್ನ ಕೂತು ಮಾತಾಡಿದೆ. ಗಂಡನನ್ನು ಕರೆಸಿದೆ, ಬುದ್ಧಿ ಹೇಳಿದೆ. "ಮನೀಗೆ ಹೋಗ್ತೀಯೇನವ್ವ?" ಎಂದು ಕೇಳಿದೆ. "ಹೋಗ್ತೀನ್ರಿ ಮೇಡಂ, ಏನೂ ಇಲ್ರಿ" ಅಂದಳು. ಕಡತದಲ್ಲಿ ಬರೆದೆ: ರಾಜಿ ಆಯಿತು, ರೋಗಿ ಮನೆಗೆ ಹೋಗಲು ಒಪ್ಪಿದ್ದಾರೆ. ಸಹಿ ಹಾಕಿದೆ. ಆ ದಿನ ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಊಟ ಮಾಡಿ ಮಲಗಿದೆ.

ಯುಗಾದಿ ಕಳೆದ ಮೇಲೆ ಅವಳು ಮತ್ತೆ ಬಂದಳು. ಬಲಗೈ ಮುರಿದಿತ್ತು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು.

ಯಾರಿಗೆ ಹೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಮೇಲಿನವರು ವೈದ್ಯರು. ಅವರಿಗೆ ನನ್ನ ಹಾಜರಾತಿ ಗೊತ್ತಿತ್ತು, ನನ್ನ ಕೆಲಸ ಗೊತ್ತಿರಲಿಲ್ಲ. ಕೊನೆಗೆ ಓದುವಾಗ ನನಗೆ ಫೀಲ್ಡ್ ವರ್ಕ್ ಸೂಪರ್‌ವೈಸರ್ ಆಗಿದ್ದ ಮೇಡಂ ಮನೆಗೆ ಹೋದೆ. ಕಡತದಲ್ಲಿ ಬರೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. "ಒಪ್ಪಿದಳು ಅಂತ ಬರೆದಿದ್ದೀ. ಯಾರ ಮುಂದೆ ಒಪ್ಪಿದಳು?" ಎಂದಷ್ಟೇ ಕೇಳಿದರು. ಆಗ ನೆನಪಾಯಿತು. ಅವಳು ಆ ಮಾತು ಹೇಳುವಾಗ ಮಂಚದ ಕಾಲುಬದಿಯಲ್ಲಿ ಅವಳ ಅತ್ತೆ, ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಮಧ್ಯಾಹ್ನವಿಡೀ ಅಲ್ಲೇ ನಿಂತಿದ್ದರು. ನಾನು ಅವರನ್ನು ನೋಡಿದ್ದೆ, ಆದರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ಪ್ರಶ್ನೆಯನ್ನು ಸರಿಯಾದ ಹೊತ್ತಿಗೆ, ಅಂದರೆ ನಾನು ಸಹಿ ಹಾಕುವ ಮುಂಚೆ, ಯಾರಾದರೂ ಕೇಳಿದ್ದರೆ ಒಂದು ಕೈ ಮುರಿಯುತ್ತಿರಲಿಲ್ಲ. ಮೇಲ್ವಿಚಾರಣೆ ಎಂದರೆ ನನ್ನ ಪಾಲಿಗೆ ಇವತ್ತಿಗೂ ಇದೇ.

ಅವಳಿಗಾದ ಅನ್ಯಾಯದಲ್ಲಿ ನನ್ನ ಪಾಲಿತ್ತು. ಆದರೆ ಅವಳು ನನ್ನ ಮೇಲೆ ದೂರು ಕೊಡಬೇಕೆಂದಿದ್ದರೆ ಎಲ್ಲಿಗೆ ಹೋಗಬೇಕಿತ್ತು? ವೈದ್ಯರ ಮೇಲಾದರೆ ವೈದ್ಯಕೀಯ ಪರಿಷತ್ತಿದೆ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್ ಇದೆ. ಆಟೊ ಓಡಿಸುವವರಿಗೂ ಆಗ ಬ್ಯಾಡ್ಜ್ ಬೇಕಿತ್ತು. ಒಂದು ಮನೆಯ ಒಡಕಿನೊಳಗೆ ಕೈಹಾಕುವ, ಒಂದು ಮಗು ಎಲ್ಲಿ ಬೆಳೆಯಬೇಕೆಂದು ವರದಿ ಬರೆಯುವ ನಮ್ಮ ಹೆಸರು ಮಾತ್ರ ಯಾವ ನೋಂದಣಿ ಪುಸ್ತಕದಲ್ಲೂ ಇರಲಿಲ್ಲ.

ಈ ಕೊರತೆ ನಿನ್ನೆ ಮೊನ್ನೆಯದಲ್ಲ. ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಶುರುವಾದದ್ದು 1936ರಲ್ಲಿ. ಇವತ್ತಿನ ಟಿಸ್ ಅದೇ. ವೃತ್ತಿ ಕಲಿಸಲು ತೊಡಗಿ ಒಂಬತ್ತು ದಶಕವಾಗುತ್ತ ಬಂತು. 1993ರಲ್ಲಿ ವೃತ್ತಿಪರ ಸಮಾಜಕಾರ್ಯಕ್ಕೊಂದು ರಾಷ್ಟ್ರೀಯ ಪರಿಷತ್ತು ಬೇಕೆಂದು ಮಸೂದೆಯ ಕರಡೂ ತಯಾರಾಯಿತು. ಅದು ಕಾಯ್ದೆಯಾಗಲಿಲ್ಲ. ನಮ್ಮಂತೆಯೇ ವಸಾಹತು ಆಳ್ವಿಕೆಯಿಂದ ಹೊರಬಂದ ಫಿಲಿಪ್ಪೀನ್ಸ್ 1965ರಲ್ಲೇ ಕಾಯ್ದೆ ಮಾಡಿತು: ಸಮಾಜಕಾರ್ಯ ಮಾಡುವವರು ಪರೀಕ್ಷೆ ಪಾಸಾಗಬೇಕು, ಅದಕ್ಕೂ ಮುಂಚೆ ಅರ್ಹರ ಮೇಲ್ವಿಚಾರಣೆಯಲ್ಲಿ ಸಾವಿರ ಗಂಟೆ ಕೆಲಸ ಮಾಡಿರಬೇಕು. ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗಲಿಲ್ಲ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಹುಶಃ ನಮ್ಮಲ್ಲಿ ಸಮಾಜಸೇವೆ ಎಂಬ ಮಾತಿಗೆ ಎಷ್ಟು ಗೌರವವಿದೆಯೆಂದರೆ, ಸೇವೆ ಮಾಡುವವರನ್ನು ಲೆಕ್ಕ ಕೇಳುವುದೇ ತಪ್ಪೆಂದು ಕಾಣುತ್ತದೆ. ಊರಿನ ಫ್ಲೆಕ್ಸ್‌ಗಳಲ್ಲಿ "ಸಮಾಜ ಸೇವಕರು" ಎಂದು ಬರೆಸಿಕೊಂಡವರಲ್ಲಿ ನಿಜಕ್ಕೂ ದುಡಿಯುವವರನ್ನು ನಾನು ಬಲ್ಲೆ, ಅವರಿಗೆ ಕೈಮುಗಿಯುತ್ತೇನೆ. ಆದರೆ ಸೇವೆ ಬೇರೆ, ಸಮಾಜಕಾರ್ಯ ಬೇರೆ. ಎರಡಕ್ಕೂ ಒಂದೇ ಹೆಸರು ಅಂಟಿದ್ದರಿಂದ ನಷ್ಟವಾದದ್ದು ನಮ್ಮ ಬಳಿ ಬಂದ ಜನರಿಗೆ.

ಕಾನೂನಿನಲ್ಲೂ ಈ ಗೊಂದಲ ಹಾಗೆಯೇ ಕೂತಿದೆ. 2015ರ ಬಾಲನ್ಯಾಯ ಕಾಯ್ದೆಯನ್ನು ತೆಗೆದು ನೋಡಿ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರಿರಬೇಕು, ಒಬ್ಬರಾದರೂ ಮಹಿಳೆಯಾಗಿರಬೇಕು. ಒಳ್ಳೆಯದು. ಅವರ ಅರ್ಹತೆ? ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದಲ್ಲಿ ಏಳು ವರ್ಷದ ಅನುಭವ, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಕೀಯ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದು ವೃತ್ತಿ ನಡೆಸುತ್ತಿರುವವರು. ಸಮಾಜಕಾರ್ಯಕರ್ತರ ಹುದ್ದೆಯ ಆ ಪಟ್ಟಿಯಲ್ಲಿ ಸಮಾಜಕಾರ್ಯದ ಪದವಿಯ ಹೆಸರಿಲ್ಲ. ನೀವು ಇವತ್ತು ಕೈಯಲ್ಲಿ ಹಿಡಿಯುವ ಪದವಿ ಅದು.

ನೋಂದಣಿಯ ಕಡೆಗೆ ಎರಡು ಬಾಗಿಲು ಮಾತ್ರ ತೆರೆದಿವೆ, ಅವನ್ನು ನೀವು ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಯಾರೆಂದು ಸ್ಪಷ್ಟವಾಗಿ ಬರೆಯಿತು: ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಆ ಎರಡು ವರ್ಷದಲ್ಲಿ ಮೇಲ್ವಿಚಾರಣೆಯಡಿ ಚಿಕಿತ್ಸಾಲಯದ ತರಬೇತಿ. ಅವರನ್ನು ನೋಂದಾಯಿಸುವ ಹೊಣೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ್ದು. ನಿಮ್ಮಲ್ಲಿ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಬೇಕೆಂದಿರುವವರು "ಮೇಲ್ವಿಚಾರಣೆಯಡಿ" ಎಂಬ ಪದವನ್ನು ಗುರುತು ಹಾಕಿಕೊಳ್ಳಿ. ಎರಡನೆಯದು 2021ರ ಕಾಯ್ದೆ. ವೈದ್ಯರು, ದಾದಿಯರನ್ನು ಬಿಟ್ಟು ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಉಳಿದ ಅನೇಕ ವೃತ್ತಿಗಳಿಗೆಂದು ಅದು ರಾಷ್ಟ್ರೀಯ ಆಯೋಗವನ್ನೂ ರಾಜ್ಯ ಪರಿಷತ್ತುಗಳನ್ನೂ ತಂದಿತು. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹೆಸರು ಅದರ ಪಟ್ಟಿಯಲ್ಲಿದೆ. ಆಸ್ಪತ್ರೆಯ ಗೋಡೆಯೊಳಗಿನ ನಮ್ಮವರಿಗೆ ಹೀಗೊಂದು ನೆಲೆ ಸಿಗುತ್ತಿದೆ. ಬಾಲಮಂದಿರದಲ್ಲಿ, ಶಾಲೆಯಲ್ಲಿ, ಸಾಂತ್ವನ ಕೇಂದ್ರದಲ್ಲಿ ಕೂರುವ ನಿಮ್ಮ ಗೆಳೆಯರಿಗೆ ಇನ್ನೂ ಸಿಕ್ಕಿಲ್ಲ.

ನನಗೊಂದು ಭಯವೂ ಇದೆ, ಮುಚ್ಚಿಡುವುದಿಲ್ಲ. ಪರವಾನಗಿ ಬಂದರೆ ಅದು ಬೇಲಿಯೂ ಆಗಬಹುದು. ದೇವದಾಸಿ ಪದ್ಧತಿಯ ವಿರುದ್ಧ ದುಡಿದ ಎಷ್ಟೋ ಹೆಣ್ಣುಮಕ್ಕಳು, ಜೀತದಿಂದ ಜನರನ್ನು ಬಿಡಿಸಿದ ಕಾರ್ಯಕರ್ತರು ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವರಲ್ಲ. ನಾನು ಅವರಿಂದ ಕಲಿತಷ್ಟು ಪುಸ್ತಕದಿಂದ ಕಲಿತಿಲ್ಲ. ಅವರನ್ನು ಹೊರಗೆ ನಿಲ್ಲಿಸುವ ಪರವಾನಗಿ ನನಗೆ ಬೇಡ. ಸಂಘಟನೆ ಮಾಡಲು, ಹೋರಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಬ್ಬ ವ್ಯಕ್ತಿಯ ಗುಟ್ಟನ್ನು ಕೇಳಿ, ಅದನ್ನು ಕಡತಕ್ಕೆ ಇಳಿಸಿ, ಆ ಕಡತದ ಮೇಲೆ ನ್ಯಾಯಾಲಯವೋ ಆಸ್ಪತ್ರೆಯೋ ಅವರ ಬದುಕನ್ನು ತೀರ್ಮಾನಿಸುವಲ್ಲಿ, ಬರೆದ ಕೈಗೆ ನೋಂದಣಿ ಇರಬೇಕು, ಆ ಕೈ ತಪ್ಪಿದರೆ ಕೇಳುವ ಜಾಗ ಇರಬೇಕು. ವಾರ್ಡಿನ ಆ ಹೆಣ್ಣುಮಗಳ ಋಣಕ್ಕೆ ನಾನು ಇಷ್ಟನ್ನಾದರೂ ಹೇಳಬೇಕು.

ಕಾಯ್ದೆ ಬರುವವರೆಗೆ ಕಾಯುವುದು ಬೇಡ. ನೀವು ಸೇರುವ ಸಂಸ್ಥೆಗಳಲ್ಲಿ ತಿಂಗಳಿಗೊಮ್ಮೆ ರಿವ್ಯೂ ಮೀಟಿಂಗ್ ಇರುತ್ತದೆ. ಎಷ್ಟು ಕೇಸು, ಎಷ್ಟು ಮನೆಭೇಟಿ, ಜಿಪಿಎಸ್ ಫೋಟೊ ಹಾಕಿದಿರಾ, ಹಣಬಳಕೆ ಪ್ರಮಾಣಪತ್ರ (ಯು.ಸಿ.) ಕಳಿಸಿದಿರಾ ಎಂದು ಕೇಳುತ್ತಾರೆ. ಅದೂ ಬೇಕು. ಸಮಾಜಕಾರ್ಯದ ವಿದ್ವಾಂಸ ಆಲ್ಫ್ರೆಡ್ ಕದುಶಿನ್ ಮೇಲ್ವಿಚಾರಣೆಗೆ ಆಡಳಿತ, ಕಲಿಕೆ, ಆಸರೆ ಎಂದು ಮೂರು ಮುಖ ಹೇಳಿದ್ದನ್ನು ಪರೀಕ್ಷೆಗೆ ಓದಿದ್ದೀರಿ. ರಿವ್ಯೂ ಮೀಟಿಂಗಿನಲ್ಲಿ ಸಿಗುವುದು ಮೊದಲನೆಯದು ಮಾತ್ರ. ಉಳಿದೆರಡಕ್ಕೆ ಬರಗಾಲ. ಪೋಕ್ಸೊ ಪ್ರಕರಣದ ಮಗುವಿನ ಮಾತು ಕೇಳಿ ಬಂದ ಹುಡುಗಿ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಾಳೆ, ಬೆಳಗ್ಗೆ ಎದ್ದು ಮತ್ತೊಂದು ಮಗುವಿನ ಮುಂದೆ ಕೂರುತ್ತಾಳೆ. ಆರು ತಿಂಗಳಲ್ಲಿ ಕೆಲಸ ಬಿಡುತ್ತಾಳೆ, ಇಲ್ಲವೇ ಕಲ್ಲಾಗುತ್ತಾಳೆ. ಎರಡನ್ನೂ ಕಂಡಿದ್ದೇನೆ. ಕಲ್ಲಾದವರನ್ನು ಕಂಡಾಗ ಹೆಚ್ಚು ನೋವಾಗುತ್ತದೆ, ಯಾಕೆಂದರೆ ಅವರು ಕೆಲಸದಲ್ಲಿ ಮುಂದುವರಿಯುತ್ತಾರೆ.

ಅದಕ್ಕೇ ಕೆಲಸಕ್ಕೆ ಸೇರುವ ಸಂದರ್ಶನದಲ್ಲಿ ಸಂಬಳ ಎಷ್ಟೆಂದು ಕೇಳುವ ಹಾಗೆಯೇ, ನನ್ನ ಕೇಸುಗಳನ್ನು ನಾನು ಯಾರ ಜೊತೆ ಕೂತು ಚರ್ಚಿಸಬೇಕು ಎಂದೂ ಕೇಳಿ. "ಯಾರೂ ಇಲ್ಲ" ಎಂದರೆ ಹೊರಗಿನವರೊಬ್ಬರನ್ನು ಹುಡುಕಿಕೊಳ್ಳಲು ಅನುಮತಿ ಕೇಳಿ. ಚರ್ಚಿಸುವಾಗ ಹೆಸರು, ಊರು ಬಿಟ್ಟು ಮಾತಾಡಿ. ಗೋಪ್ಯತೆ ಅಲ್ಲಿಯೂ ಗೋಪ್ಯತೆಯೇ.

ಬರುವ ಮುಂಚೆ ಒಂದು ಏರ್ಪಾಡು ಮಾಡಿದ್ದೇನೆ. ಈ ಜಿಲ್ಲೆಯಲ್ಲಿ ನನ್ನ ಜೊತೆ ದುಡಿದ ಐವರು ಹಿರಿಯರು, ಇಬ್ಬರು ನಿವೃತ್ತರು, ಮೂವರು ಇನ್ನೂ ಕೆಲಸದಲ್ಲಿರುವವರು, ನಿಮ್ಮಲ್ಲಿ ಯಾರು ಕೇಳಿದರೂ ತಿಂಗಳಿಗೊಂದು ಗಂಟೆ ಕೊಡಲು ಒಪ್ಪಿದ್ದಾರೆ. ಅವರ ಫೋನ್ ನಂಬರುಗಳನ್ನು ನಿಮ್ಮ ವಿಭಾಗದ ನೋಟಿಸ್ ಬೋರ್ಡಿಗೆ ಬೆಳಗ್ಗೆಯೇ ಅಂಟಿಸಿದ್ದಾರೆ, ಗೌನು ಮರಳಿಸಲು ಹೋಗುವಾಗ ಬರೆದುಕೊಳ್ಳಿ. ಮುಂದಿನ ತಿಂಗಳ ಎರಡನೇ ಶನಿವಾರ ಹತ್ತೂವರೆಗೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಮೊದಲ ಸಲ ಕೂರೋಣ. ನಾನೂ ಬರುತ್ತೇನೆ. ಒಂದು ಕೇಸು ಬರೆದು ತನ್ನಿ, ಅಂಚು ಸ್ವಲ್ಪ ಅಗಲ ಬಿಟ್ಟು ಬರೆಯಿರಿ.